ಹೊಸ ಹುಡುಗಿಯರ ಸ್ವಾಗತಕ್ಕೆ ಯಾವ ಥೀಮ್?

ಪ್ರಶ್ನೆ: ನಮ್ಮೂರು ಕೋಡ್ಲಾ. ಸೇಡಂನಲ್ಲಿ ಬಿ.ಎ. ಎರಡನೇ ವರ್ಷ ಓದುತ್ತಿದ್ದೇನೆ. ನಮ್ಮ ಚಿಕ್ಕಪ್ಪನ ಮಗಳು ಅಮೆರಿಕದ ಟೆಕ್ಸಾಸ್‌ನಲ್ಲಿ ಕಾಲೇಜು ಕಲಿಯುತ್ತಾಳೆ. ಅಲ್ಲಿ ‘ಸೊರಾರಿಟಿ’ ಎಂಬ ಹುಡುಗಿಯರ ಸಂಘದಲ್ಲಿದ್ದಾಳಂತೆ. ಹೊಸಬರನ್ನು ಸೇರಿಸಿಕೊಳ್ಳಲು ಈ ಸಲ ಯಾವ ಥೀಮ್ ಇಡಬೇಕೆಂದು ಅವರು ತಿಂಗಳುಗಟ್ಟಲೆ ಕೂತು ಮಾತಾಡುತ್ತಾರಂತೆ. ಇದೆಂಥ ಪದ್ಧತಿ? ನಮ್ಮ ಕಡೆ ಇಂಥದ್ದು ಇದೆಯೇ? ನಾವು ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಹುಡುಗಿಯರೂ ಮೊದಲ ವರ್ಷದವರನ್ನು ಬರಮಾಡಿಕೊಳ್ಳಲು ಥೀಮ್ ಹುಡುಕುತ್ತಿದ್ದೇವೆ. ಕೆಲವರು ‘ಬಾಲಿವುಡ್’ ಅನ್ನುತ್ತಾರೆ, ಕೆಲವರು ‘ಹಳ್ಳಿ ಸೊಗಡು’ ಅನ್ನುತ್ತಾರೆ. ಏನಿಟ್ಟರೆ ಛಲೋ?
– ಒಬ್ಬ ವಿದ್ಯಾರ್ಥಿನಿ, ಕೋಡ್ಲಾ, ಸೇಡಂ ತಾಲ್ಲೂಕು

ಉತ್ತರ: ನಿಮ್ಮ ಚಿಕ್ಕಪ್ಪನ ಮಗಳು ಇದ್ದದ್ದನ್ನೇ ಹೇಳಿದ್ದಾಳೆ. ಅಮೆರಿಕದ ಎಷ್ಟೋ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಹೊಸಬರನ್ನು ಸೇರಿಸಿಕೊಳ್ಳುವ ಆಗಸ್ಟ್ ತಿಂಗಳ ಒಂದು ವಾರಕ್ಕಾಗಿ ತಿಂಗಳುಗಳ ಮೊದಲೇ ಸಿದ್ಧತೆ ಶುರುವಾಗುತ್ತದೆ. ಮದುವೆ ಮನೆಯಲ್ಲಿ ನಡೆಯುವಂತೆ ಬಣ್ಣ, ಬಟ್ಟೆ, ಹಾಡು, ತೋರಣ ಎಲ್ಲದಕ್ಕೂ ಒಂದೊಂದು ಸಮಿತಿ ಇರುತ್ತದೆ. ಆದರೆ ಈ ಮದುವೆಯಲ್ಲಿ ನೂರಾರು ಕನ್ಯೆಯರಿದ್ದಾರೆ, ನೋಡಲು ಬಂದವರೂ ಹುಡುಗಿಯರೇ.

ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿನ ಕಾಲೇಜುಗಳ ಗಂಡುಹುಡುಗರು ತಮ್ಮತಮ್ಮಲ್ಲೇ ಗುಟ್ಟಿನ ಸಂಘಗಳನ್ನು ಕಟ್ಟಿಕೊಂಡಿದ್ದರು. ಹುಡುಗಿಯರಿಗೆ ಅಲ್ಲಿ ಪ್ರವೇಶವಿರಲಿಲ್ಲ. 1851ರಲ್ಲಿ ಜಾರ್ಜಿಯಾ ರಾಜ್ಯದ ಮೇಕನ್ ಊರಿನ ವೆಸ್ಲಿಯನ್ ಕಾಲೇಜಿನ ಹುಡುಗಿಯರು ಅಡೆಲ್ಫಿಯನ್ ಸೊಸೈಟಿ ಎಂಬ ತಮ್ಮದೇ ಸಂಘ ಮಾಡಿಕೊಂಡರು. ಇವತ್ತು ಆಲ್ಫಾ ಡೆಲ್ಟಾ ಪೈ ಎಂಬ ಹೆಸರಿನಲ್ಲಿರುವ ಸೊರಾರಿಟಿ ಅದೇ. 1870ರಲ್ಲಿ ಕಪ್ಪಾ ಆಲ್ಫಾ ಥೀಟಾ ಹುಟ್ಟಿತು. ಹೀಗೆ ಗ್ರೀಕ್ ಅಕ್ಷರಗಳನ್ನು ಹೆಸರಾಗಿ ಇಟ್ಟುಕೊಳ್ಳುವುದು ರೂಢಿಯಾಯಿತು. 1902ರಲ್ಲಿ ಇಂಥ ಕೆಲವು ಸಂಘಗಳು ಸೇರಿ ಒಂದು ಒಕ್ಕೂಟ ಮಾಡಿಕೊಂಡವು. ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್ ಎಂಬ ಆ ಒಕ್ಕೂಟದಲ್ಲಿ ಈಗ 26 ಸೊರಾರಿಟಿಗಳಿವೆ.

ಗಂಡಸರು ಬಾಗಿಲು ಹಾಕಿದರೆಂದು ಹುಟ್ಟಿದ ಈ ಸಂಘಗಳು ತಾವೂ ಒಂದು ಬಾಗಿಲು ಹಾಕಿಕೊಂಡವು. ಕಪ್ಪು ಹುಡುಗಿಯರಿಗೆ ಅಲ್ಲಿ ಜಾಗವಿರಲಿಲ್ಲ. ಅದಕ್ಕೇ 1908ರಲ್ಲಿ ವಾಷಿಂಗ್ಟನ್‌ನ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಕಪ್ಪು ವಿದ್ಯಾರ್ಥಿನಿಯರು ಆಲ್ಫಾ ಕಪ್ಪಾ ಆಲ್ಫಾ ಕಟ್ಟಿದರು. ಅಮೆರಿಕದ ಉಪಾಧ್ಯಕ್ಷೆಯಾಗಿದ್ದ ಕಮಲಾ ಹ್ಯಾರಿಸ್ 1986ರಲ್ಲಿ ಸೇರಿದ್ದು ಈ ಸಂಘಕ್ಕೇ. ಇನ್ನು ನಿಮ್ಮ ಮನೆಯ ಹುಡುಗಿ ಇರುವ ಟೆಕ್ಸಾಸ್‌ಗೆ ಇದರಲ್ಲಿ ವಿಶೇಷ ಜಾಗವಿದೆ. 1998ರಲ್ಲಿ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಕಪ್ಪಾ ಫೈ ಗಾಮಾ, ಅದೇ ವರ್ಷ ಹ್ಯೂಸ್ಟನ್‌ನಲ್ಲಿ ಡೆಲ್ಟಾ ಫೈ ಒಮೆಗಾ ಹುಟ್ಟಿದವು. ಎರಡನ್ನೂ ಕಟ್ಟಿದವರು ಭಾರತ ಮತ್ತು ಸುತ್ತಲ ದೇಶಗಳಿಂದ ಹೋಗಿ ನೆಲೆಸಿದ ಮನೆತನಗಳ ಹೆಣ್ಣುಮಕ್ಕಳು. ಊರಿಂದ ಸಾವಿರಾರು ಮೈಲಿ ದೂರದಲ್ಲಿ ಮೈಬಣ್ಣ, ಊಟ, ಹಬ್ಬ ಯಾವುದೂ ಹೊಂದದ ಕಡೆ ‘ನಮ್ಮವರು’ ಅನ್ನುವ ನಾಲ್ಕು ಜನ ಬೇಕೆನಿಸುವುದು ಸಹಜವೇ.

ಇನ್ನು ಸೇರಿಸಿಕೊಳ್ಳುವ ಬಗೆ. ಅದಕ್ಕೆ ಅವರು ರಿಕ್ರೂಟ್‌ಮೆಂಟ್ ಅನ್ನುತ್ತಾರೆ. ಹೊಸ ಹುಡುಗಿಯರು ಮೊದಲ ಸುತ್ತಿನಲ್ಲಿ ಎಲ್ಲ ಸಂಘಗಳ ಮನೆಗಳಿಗೂ ಹೋಗಬೇಕು. ಬಾಗಿಲಲ್ಲಿ ಹಾಡು ಹೇಳಿ, ಚಪ್ಪಾಳೆ ತಟ್ಟಿ ಒಳಗೆ ಕರೆಯುತ್ತಾರೆ. ಹತ್ತಿಪ್ಪತ್ತು ನಿಮಿಷ ಮಾತುಕತೆ. ಹೊರಗೆ ಬಂದ ಹುಡುಗಿ ತನಗೆ ಹಿಡಿಸಿದ ಮನೆಗಳನ್ನು ಬರೆದುಕೊಡುತ್ತಾಳೆ, ಒಳಗಿನವರು ತಮಗೆ ಹಿಡಿಸಿದ ಹುಡುಗಿಯರನ್ನು ಬರೆದುಕೊಳ್ಳುತ್ತಾರೆ. ಎರಡನ್ನೂ ತಾಳೆ ನೋಡಿ ಮುಂದಿನ ಸುತ್ತು. ಸುತ್ತು ಸುತ್ತಿಗೆ ಮನೆಗಳ ಸಂಖ್ಯೆ ಕಡಿಮೆಯಾಗುತ್ತ ಹೋಗಿ ಕೊನೆಯ ದಿನ ಕೈಗೆ ಒಂದು ಲಕೋಟೆ ಬರುತ್ತದೆ. ಅದರಲ್ಲಿ ಯಾವ ಸಂಘದ ಹೆಸರಿದೆಯೋ ಆ ಮನೆಗೆ ಹುಡುಗಿ ಓಡುತ್ತಾಳೆ. ಲಕೋಟೆ ಬಾರದವರೂ ಇರುತ್ತಾರೆ. ಸೇರಿದ ಮೇಲೆ ವರ್ಷವರ್ಷ ಕಟ್ಟುವ ಹಣ ಎಷ್ಟೋ ಕಡೆ ಸಾವಿರಾರು ಡಾಲರ್.

ಥೀಮ್ ಬರುವುದು ಇಲ್ಲಿ. ಹತ್ತಾರು ಮನೆ ತಿರುಗಿ ಸುಸ್ತಾದ ಹುಡುಗಿಗೆ ರಾತ್ರಿ ಯಾವ ಮನೆ ಯಾವುದೆಂದೇ ನೆನಪಿರುವುದಿಲ್ಲ. ‘ಹವಾಯಿ ದ್ವೀಪ ಮಾಡಿದ್ದರಲ್ಲ, ಅವರು’, ‘ಸರ್ಕಸ್ ಡೇರೆ ಹಾಕಿದ್ದರಲ್ಲ, ಅವರು’ ಎಂದು ಗುರುತು ಸಿಗಲಿ ಎಂಬುದೇ ಥೀಮಿನ ಮೂಲ ಉದ್ದೇಶ. ಅಂದರೆ ಅದು ಅಂಗಡಿಯ ಬೋರ್ಡು. ಬೋರ್ಡು ಚಂದವಿದ್ದರೆ ತಪ್ಪೇನಿಲ್ಲ. ಆದರೆ ಪೈಪೋಟಿ ಹತ್ತಿದ ಮೇಲೆ ಬೋರ್ಡೇ ಅಂಗಡಿಗಿಂತ ದೊಡ್ಡದಾಯಿತು. ಅಲಬಾಮ ವಿಶ್ವವಿದ್ಯಾಲಯದಲ್ಲಿ ಈ ವಾರಕ್ಕೆ ಎರಡು ಸಾವಿರಕ್ಕೂ ಮೀರಿ ಹುಡುಗಿಯರು ಸೇರುತ್ತಾರೆ. 2021ರಲ್ಲಿ ಅವರು ದಿನಕ್ಕೊಂದು ಉಡುಪು ತೊಟ್ಟು ಹಾಕಿದ ಟಿಕ್‌ಟಾಕ್ ವಿಡಿಯೊಗಳನ್ನು ಲೋಕವೆಲ್ಲ ನೋಡಿತು. ಅದೇ ವಿಶ್ವವಿದ್ಯಾಲಯದಲ್ಲಿ 2013ರಲ್ಲಿ, ಓದಿನಲ್ಲಿ ಮುಂದಿದ್ದ ಕಪ್ಪು ವಿದ್ಯಾರ್ಥಿನಿಯನ್ನು ಸೊರಾರಿಟಿಗಳು ಬಣ್ಣದ ಕಾರಣಕ್ಕೆ ಬಿಟ್ಟವೆಂದು ವಿದ್ಯಾರ್ಥಿಗಳ ಪತ್ರಿಕೆಯೇ ಬಯಲು ಮಾಡಿತು. ಮೆರವಣಿಗೆಗಳಾದವು. ಆಮೇಲಷ್ಟೇ ಆ ಬಾಗಿಲುಗಳು ತೆರೆದವು. ಅಷ್ಟು ವರ್ಷ ಆ ಮನೆಗಳಲ್ಲಿ ಎಷ್ಟು ಬಣ್ಣದ ಥೀಮ್ ಬಂದು ಹೋಗಿರಬೇಡ!

ವೇಷದ ಥೀಮುಗಳಿಂದ ಇನ್ನೊಂದು ರಗಳೆ. ಮೆಕ್ಸಿಕೊದ ಅಗಲ ಟೋಪಿ ಹಾಕಿ, ಸುಳ್ಳು ಮೀಸೆ ಅಂಟಿಸಿಕೊಂಡು ‘ಫಿಯೆಸ್ಟಾ’ ಎಂದು ಕುಣಿದ ಸಂಘಗಳು ಆಮೇಲೆ ಕ್ಷಮೆ ಕೇಳಬೇಕಾಯಿತು. ಒಬ್ಬರ ದಿನನಿತ್ಯದ ಉಡುಗೆ ಇನ್ನೊಬ್ಬರಿಗೆ ಒಂದು ಸಂಜೆಯ ಮೋಜಾದರೆ ನೋವಾಗದೆ ಇರುತ್ತದೆಯೇ? ಈಗ ಒಕ್ಕೂಟವೇ ನಾಟಕ, ಅಲಂಕಾರ, ದುಬಾರಿ ವೇಷ ಕಡಿಮೆ ಮಾಡಿ ಮಾತುಕತೆಗೆ ಹೆಚ್ಚು ಜಾಗ ಕೊಡಿ ಎಂದು ತನ್ನ ಸಂಘಗಳಿಗೆ ಹೇಳುತ್ತ ಬಂದಿದೆ. ಕೇಳಿದವರುಂಟು, ಕೇಳದವರೂ ಉಂಟು.

ನಮ್ಮ ಕಡೆ ಇಂಥದ್ದು ಇದೆಯೇ ಎಂದು ಕೇಳಿದಿರಿ. ಹೀಗೆ ಆರಿಸಿ, ಬಿಟ್ಟು, ಲಕೋಟೆ ಕೊಡುವ ಹುಡುಗಿಯರ ಸಂಘ ನಮ್ಮ ಕಾಲೇಜುಗಳಲ್ಲಿ ಇಲ್ಲ. ಹೆಣ್ಣುಮಕ್ಕಳು ಗುಂಪು ಕಟ್ಟಿಕೊಳ್ಳುವುದು ಮಾತ್ರ ನಮಗೇನೂ ಹೊಸದಲ್ಲ. ವಾರಕ್ಕೊಮ್ಮೆ ಕೂತು ವಚನ ಹೇಳುವ ಅಕ್ಕನ ಬಳಗಗಳು ಉತ್ತರ ಕರ್ನಾಟಕದ ಊರೂರಲ್ಲಿವೆ. 2000ದ ಹೊತ್ತಿಗೆ ಸರ್ಕಾರ ಶುರು ಮಾಡಿದ ಸ್ತ್ರೀಶಕ್ತಿ ಸಂಘಗಳಲ್ಲಿ ನಿಮ್ಮ ತಾಯಿಯೋ ದೊಡ್ಡಮ್ಮನೋ ಇದ್ದೇ ಇರುತ್ತಾರೆ. ಕಾಲೇಜಿನೊಳಗೆ ಹಾಸ್ಟೆಲ್ ಇದೆ, ಎನ್‌ಸಿಸಿ ಹುಡುಗಿಯರ ವಿಭಾಗವಿದೆ, ಸ್ಕೌಟ್ಸ್ ಅಂಡ್ ಗೈಡ್ಸ್‌ನ ರೇಂಜರ್ಸ್ ಇದೆ, ಯೂತ್ ರೆಡ್‌ಕ್ರಾಸ್ ಇದೆ. ಎಲ್ಲಕ್ಕಿಂತ ಹೆಚ್ಚಾಗಿ ನಿಮ್ಮ ಎನ್ನೆಸ್ಸೆಸ್ ಇದೆ.

ಥೀಮಿನ ವಿಷಯದಲ್ಲಿ ಎನ್ನೆಸ್ಸೆಸ್‌ಗೆ ಸೊರಾರಿಟಿಗಳಿಗಿಂತ ಒಳ್ಳೆಯ ಚರಿತ್ರೆಯಿದೆ ಎಂಬುದು ನನ್ನ ಅಭಿಪ್ರಾಯ. 1969ರ ಸೆಪ್ಟೆಂಬರ್ 24ರಂದು ಅಂದಿನ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್ 37 ವಿಶ್ವವಿದ್ಯಾಲಯಗಳಲ್ಲಿ ಇದನ್ನು ಆರಂಭಿಸಿದರು. ಒಂದು ಘಟಕಕ್ಕೆ ಸಾಮಾನ್ಯವಾಗಿ 100 ಸ್ವಯಂಸೇವಕರು. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಕ್ಕೆ 240 ಗಂಟೆ ಕೆಲಸ, ಜೊತೆಗೆ ಒಂದು ಹಳ್ಳಿಯಲ್ಲಿ ಏಳು ದಿನದ ವಿಶೇಷ ಶಿಬಿರ. ಆ ಶಿಬಿರಗಳಿಗೆ ದೇಶಮಟ್ಟದಲ್ಲಿ ಥೀಮ್ ಕೊಡುವ ರೂಢಿ ಶುರುವಾದದ್ದು 1973ರಲ್ಲಿ, ‘ಕ್ಷಾಮದ ವಿರುದ್ಧ ಯುವಜನ’ ಎಂಬುದರಿಂದ. ಎಪ್ಪತ್ತೆರಡರ ಬರ ಅಂದರೆ ಏನೆಂದು ನಿಮ್ಮ ಅಜ್ಜಿಯನ್ನು ಕೇಳಿ ನೋಡಿ, ಹೇಳುತ್ತಾರೆ. ನಮ್ಮ ಜಿಲ್ಲೆ, ಪಕ್ಕದ ಮಹಾರಾಷ್ಟ್ರ ಎಲ್ಲ ಒಣಗಿ ನಿಂತಿದ್ದ ಹೊತ್ತದು. ಮರುವರ್ಷ ‘ಕೊಳಕು ಮತ್ತು ರೋಗದ ವಿರುದ್ಧ ಯುವಜನ’. ಆಮೇಲೆ ಗ್ರಾಮ ಪುನರ್ನಿರ್ಮಾಣ, ಅಕ್ಷರ, ಜಲಾನಯನ. ಇವುಗಳಲ್ಲಿ ಒಂದಕ್ಕೂ ವೇಷ ಬೇಕಿರಲಿಲ್ಲ, ಸಲಿಕೆ ಬೇಕಿತ್ತು. ಇಂಥ ಥೀಮ್ ಕೇಳಿದ ಹೊಸಬರಿಗೆ ‘ಇಲ್ಲಿ ಸೇರಿದರೆ ನಾನು ಏನು ಮಾಡಬೇಕಾಗುತ್ತದೆ’ ಎಂಬುದು ಅರ್ಥವಾಗುತ್ತದೆ. ಥೀಮ್ ಮಾಡಬೇಕಾದ ಕೆಲಸ ಅದೊಂದೇ.

ಈಗ ನಿಮ್ಮ ಕಾಲೇಜಿಗೆ ಬರೋಣ. ಅಲ್ಲಿಗೆ ಬರುವ ಹೊಸ ಹುಡುಗಿ ಯಾರು? 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಅದಕ್ಕೇ ಮೊದಲಾದರೆ ಪಿಯುಸಿಗೇ ನಿಂತುಬಿಡುತ್ತಿದ್ದ ಎಷ್ಟೋ ಹುಡುಗಿಯರು ಆಧಾರ್ ಕಾರ್ಡ್ ತೋರಿಸಿ, ಶೂನ್ಯ ಟಿಕೆಟ್ ಹಿಡಿದು ಡಿಗ್ರಿಗೆ ಬರುತ್ತಿದ್ದಾರೆ. ಚಿಂಚೋಳಿ ಕಡೆಯ ತಾಂಡಾದವಳು, ಚಿತ್ತಾಪುರದಿಂದ ಪ್ಯಾಸೆಂಜರ್ ಗಾಡಿ ಹತ್ತುವವಳು, ವಾಡಿಯ ಸಿಮೆಂಟ್ ಕಾರ್ಮಿಕನ ಮಗಳು, ಶಹಾಬಾದಿನ ಗಣಿಯಲ್ಲಿ ಕಲ್ಲು ಒಡೆಯುವವನ ಮಗಳು. ಮನೆಯಲ್ಲಿ ಕನ್ನಡ, ತೆಲುಗು, ದಖನಿ ಉರ್ದು, ಲಂಬಾಣಿ, ಮರಾಠಿ ಏನಾದರೂ ಇರಬಹುದು. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು ಅವಳೇ ಆಗಿರಲೂಬಹುದು. ಮೊದಲ ವಾರ ಅವಳು ಯಾರ ಜೊತೆಗೂ ಮಾತಾಡುವುದಿಲ್ಲ. ಕೊನೆಯ ಬೆಂಚಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾಳೆ. ನಿಮ್ಮ ಥೀಮ್ ಸರಿಯಿದೆಯೋ ಇಲ್ಲವೋ ಅಂತ ಅಳೆಯಬೇಕಾದ್ದು ಅವಳಿಂದ. ಅವಳು ಅಂದು ಏನನ್ನೂ ಕೊಳ್ಳದೆ, ಯಾರಿಂದಲೂ ಎರವಲು ತಾರದೆ ಎಲ್ಲರ ಸಮ ನಿಲ್ಲುವಂತಿದ್ದರೆ ಥೀಮ್ ಸರಿ.

ಈ ಅಳತೆಗೆ ‘ಬಾಲಿವುಡ್’ ನಿಲ್ಲುವುದಿಲ್ಲ. ಮಿಂಚುವ ಡ್ರೆಸ್ಸು, ಮೇಕಪ್ಪು, ಡ್ಯಾನ್ಸಿಗೆ ಸ್ಪೀಕರು ಎಂದು ಖರ್ಚು ಬೆಳೆಯುತ್ತದೆ. ಉಳ್ಳವರ ಮಕ್ಕಳು ಮುಂದಿನ ಸಾಲಿಗೆ, ಇಲ್ಲದವರು ‘ಹೊಟ್ಟೆನೋವು’ ಎಂದು ರಜೆ ಹಾಕುತ್ತಾರೆ. ಎಲ್ಲರೂ ಒಂದೇ ಬಣ್ಣದ ಸೀರೆ ಅನ್ನುವುದೂ ಅಷ್ಟೇ. ಒಂದೇ ಬಣ್ಣ ಅಂದ ಕೂಡಲೇ ಯಾರಾದರೂ ಕೊಳ್ಳಲೇಬೇಕಾಗುತ್ತದೆ. ಅವ್ವನ ಟ್ರಂಕಿನಲ್ಲಿರುವ ಇಳಕಲ್ ಸೀರೆ ಯಾವ ಬಣ್ಣದ್ದಿದ್ದರೂ ನಡೆಯುತ್ತದೆ ಅನ್ನಿ, ಬೇಕಿದ್ದರೆ.

‘ಹಳ್ಳಿ ಸೊಗಡು’ ನೋಡಲು ನಮ್ಮದೇ ಅನಿಸುತ್ತದೆ. ಆದರೆ ನನಗೆ ಅದರ ಮೇಲೇ ಹೆಚ್ಚು ಅನುಮಾನ. ಬೆಳಿಗ್ಗೆ ನಿಜವಾದ ಕೊಡ ಹೊತ್ತು ನೀರು ತಂದು, ರೊಟ್ಟಿ ಬಡಿದು, ಬಸ್ಸು ಹಿಡಿದು ಬಂದ ಹುಡುಗಿಗೆ ಸ್ಟೇಜಿನ ಮೇಲೆ ಥರ್ಮೊಕೋಲಿನ ಕೊಡ ಹೊರಿಸಿ ನಡೆಸಿ ಚಪ್ಪಾಳೆ ತಟ್ಟುತ್ತೇವೆ. ಒಂದು ಗುಡಿಸಲು, ಒಂದು ಎತ್ತಿನಗಾಡಿ, ಮೂಲೆಯಲ್ಲಿ ಲಾಟೀನು. ಹಳ್ಳಿಯೆಂದರೆ ಪಟ್ಟಣದವರು ನೋಡಿದ ಚಿತ್ರ, ಅದನ್ನು ಹಳ್ಳಿಯವರೇ ಆಡಿ ತೋರಿಸುವುದು! ಇದಕ್ಕಿಂತ ಬೇಸರದ ವಿಷಯ ಲಂಬಾಣಿ ಉಡುಗೆಯದು. ಫೇಟಿಯಾ, ಕಾಂಚಳಿ ಅಂದರೆ ತಾಂಡಾದ ಹಿರಿಯ ಹೆಂಗಸರು ಕನ್ನಡಿ ಚೂರು, ಕವಡೆ ಕೂಡಿಸಿ ತಿಂಗಳುಗಟ್ಟಲೆ ಹೊಲಿದ ಕೆಲಸ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಅದನ್ನು ಬಾಡಿಗೆ ಅಂಗಡಿಯಿಂದ ತಂದು ‘ಫ್ಯಾನ್ಸಿ ಡ್ರೆಸ್’ ಮಾಡಿದರೆ ಮೆಕ್ಸಿಕೊ ಟೋಪಿಗೂ ನಮಗೂ ವ್ಯತ್ಯಾಸವಿಲ್ಲ. ತಾಂಡಾದ ಹುಡುಗಿ ತಾನಾಗಿ ಅಜ್ಜಿಯ ಕಾಂಚಳಿ ತೊಟ್ಟು ಬಂದರೆ ಆ ಮಾತು ಬೇರೆ. ಅದು ಅವಳ ಇಷ್ಟ, ಅವಳ ಹಕ್ಕು.

ಕೆಲವರು ನಾಗರ ಪಂಚಮಿ ಅನ್ನಬಹುದು. ಕಾಲೇಜು ಶುರುವಾಗುವ ಶ್ರಾವಣದ ಸುಮಾರಿಗೇ ಬರುತ್ತದೆ, ಹೆಣ್ಣುಮಕ್ಕಳ ಹಬ್ಬ, ಜೋಕಾಲಿ, ಶೇಂಗಾ ಉಂಡಿ. ನನಗೂ ಆಸೆಯೇ. ಆದರೆ ಪೂಜೆಯನ್ನು ಮನೆಗೆ ಬಿಟ್ಟು ಜೋಕಾಲಿ ಮತ್ತು ಉಂಡಿಯನ್ನು ಮಾತ್ರ ಕಾಲೇಜಿಗೆ ತನ್ನಿ. ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಗೆ ಯಾವ ಜಾತಿಯೂ ಇಲ್ಲ, ಬುರ್ಖಾ ಹಾಕಿದ ಹುಡುಗಿಯೂ ಹತ್ತುತ್ತಾಳೆ.

ಹಾಗಾದರೆ ಏನಿಡಬೇಕು? ನನ್ನನ್ನು ಕೇಳಿದರೆ, ಒಡಪು.

ನಗಬೇಡಿ. ಒಡಪು ಹೇಳುವುದು ಏನೆಂದು ನಿಮಗೆ ಗೊತ್ತೇ ಇದೆ. ಗಂಡನ ಹೆಸರನ್ನು ಬಾಯಿಬಿಟ್ಟು ಕರೆಯಬಾರದು ಎಂದಿದ್ದ ಕಾಲದಲ್ಲಿ ಹೆಂಗಸರು ಆ ಹೆಸರನ್ನು ಪ್ರಾಸದಲ್ಲಿ ಸಿಕ್ಕಿಸಿ ಹೇಳುತ್ತಿದ್ದರು. ಹೊಸ ಸೊಸೆ ಹೊಸ್ತಿಲಲ್ಲಿ ನಿಂತಾಗ ನಾದಿನಿ ಬಾಗಿಲಿಗೆ ಅಡ್ಡ ಕೈ ಇಟ್ಟು ‘ಹೆಸರ ಹೇಳು, ಒಳಗ ಬಿಡ್ತೀನಿ’ ಅನ್ನುತ್ತಾಳೆ. ಕುಬಸದಲ್ಲಿ, ಮದುವೆಯಲ್ಲಿ, ಪಂಚಮಿಯಲ್ಲಿ ಇದೇ ಆಟ. ಮರಾಠಿಯವರಲ್ಲಿ ಇದಕ್ಕೆ ಉಖಾಣೆ ಅನ್ನುತ್ತಾರೆ. ಶಾಲೆಯ ಮುಖ ಕಾಣದ ಮುದುಕಿ ಕೂಡ ನಿಂತ ನಿಲುವಿನಲ್ಲೇ ಒಂದು ಕಟ್ಟಿ ಹೇಳಿ ಎಲ್ಲರನ್ನೂ ನಗಿಸುತ್ತಾಳೆ.

ನೀವು ಮಾಡಬೇಕಾದ ಬದಲಾವಣೆ ಒಂದೇ. ಒಡಪಿನ ಕೊನೆಗೆ ಗಂಡನ ಹೆಸರಿನ ಜಾಗದಲ್ಲಿ ಹುಡುಗಿ ತನ್ನ ಹೆಸರು ಹೇಳಬೇಕು, ತನ್ನೂರಿನ ಹೆಸರು ಹೇಳಬೇಕು. ಹೀಗೆ:

ಕಾಗಿಣಾ ದಂಡಿಗಿ ಕರಕಿ ಹಸರು,
ಕೋಡ್ಲಾದ ಮಗಳ ನಾ, ಇಂಥಾಕಿ ನನ್ನ ಹೆಸರು.

‘ಇಂಥಾಕಿ’ ಅನ್ನುವಲ್ಲಿ ನಿಮ್ಮ ಹೆಸರು ಹಾಕಿಕೊಳ್ಳಿ. ಅಥವಾ ತಾಂಡಾದಿಂದ ಬಂದವಳು:

ತಾಂಡಾದಾಗ ಬೆಳದೀನಿ, ತೊಗರ್ಯಾಗ ನಡದೀನಿ,
ಪಿಯುಸಿ ಪಾಸಾಗಿ ಇಂಥಾಕಿ ಕಾಲೇಜಿಗಿ ಬಂದೀನಿ.

ವಾಡಿಯವಳಿಗೆ ಇನ್ನೂ ಜೋರಾದದ್ದು ಬೇಕು:

ವಾಡಿ ಜಂಕ್ಷನ್ದಾಗ ಗಾಡಿ ಗದ್ದಲ,
ಇಂಥಾಕಿ ಎದ್ದು ನಿಂತ್ರ ಯಾರಿಗೂ ಅಂಜಲ್ಲ.

ಇವು ನಾನು ಈ ಉತ್ತರ ಬರೆಯುತ್ತ ಕಟ್ಟಿದವು. ನಿಮ್ಮ ಹುಡುಗಿಯರು ಇದಕ್ಕಿಂತ ಚಲೋ ಕಟ್ಟುತ್ತಾರೆ, ಅದರಲ್ಲಿ ಅನುಮಾನ ಬೇಡ. ಉರ್ದು ಮನೆಮಾತಿನವಳು ಶೇರ್ ಹೇಳಲಿ, ತೆಲುಗಿನವಳು ತೆಲುಗಿನಲ್ಲಿ ಹೇಳಲಿ, ಲಂಬಾಣಿಯವಳು ಗೋರ್ ಬೋಲಿಯಲ್ಲಿ ಹೇಳಿ ಆಮೇಲೆ ಅರ್ಥ ಬಿಡಿಸಲಿ. ಖರ್ಚು ಒಂದು ನೋಟ್‌ಬುಕ್ಕು, ಒಂದು ಪೆನ್ನು.

ನಡೆಸುವ ಬಗೆಯನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಒಳ್ಳೆಯ ಥೀಮುಗಳು ಕೆಡುವುದು ಇಲ್ಲಿಯೇ. ಹೊಸಬರನ್ನು ಒಬ್ಬೊಬ್ಬರಾಗಿ ಸ್ಟೇಜಿಗೆ ಕರೆದು ‘ಹೇಳು’ ಅನ್ನಬೇಡಿ. ಯುಜಿಸಿಯ 2009ರ ನಿಯಮದಲ್ಲಿ ಕಿರಿಯರನ್ನು ನಾಚಿಕೆಯಾಗುವಂತೆ, ಮುಜುಗರವಾಗುವಂತೆ ಏನಾದರೂ ಮಾಡಿಸುವುದೂ ರ‍್ಯಾಗಿಂಗೇ. ಹಾಡಿಸುವುದು, ಕುಣಿಸುವುದು ಪ್ರೀತಿಯಿಂದ ಅಂತ ನಿಮಗೆ ಅನಿಸಬಹುದು, ಎದುರು ನಿಂತು ಬೆವರುವವಳಿಗೆ ಹಾಗೆ ಅನಿಸುವುದಿಲ್ಲ. ಮೊದಲು ಹಿರಿಯರು ನೀವು ಹೇಳಿ. ನಾಲ್ಕು ಜನ ತಪ್ಪಿ ನಕ್ಕರೆ ಒಳ್ಳೆಯದೇ, ಹೊಸಬರಿಗೆ ಧೈರ್ಯ ಬರುತ್ತದೆ. ಆಮೇಲೆ ಐದೈದು ಜನರ ಗುಂಪು ಮಾಡಿ, ಒಂದೊಂದು ಗುಂಪಿಗೆ ಒಬ್ಬ ಹಿರಿಯಳು. ನೆಲದ ಮೇಲೆ ಜಮಖಾನೆ ಹಾಸಿ ಕೂಡಿ, ಅರ್ಧ ಗಂಟೆ ಒಬ್ಬರದಕ್ಕೊಬ್ಬರು ಪ್ರಾಸ ಹುಡುಕಿ ಕೊಡಿ. ಒಂದೇ ಊರಿನವರನ್ನು, ಒಂದೇ ಓಣಿಯವರನ್ನು ಒಂದೇ ಗುಂಪಿಗೆ ಹಾಕಬೇಡಿ. ನಮ್ಮಲ್ಲಿ ಓಣಿ ಅಂದರೆ ಜಾತಿಯೂ ಹೌದು ಎಂಬುದು ನಿಮಗೆ ನಾನು ಹೇಳಬೇಕಿಲ್ಲ. ನಿಂತು ಹೇಳಲು ಮನಸ್ಸಿಲ್ಲದವಳದ್ದನ್ನು ಗೆಳತಿ ಓದಲಿ. ಅದೂ ಬೇಡವೆಂದರೆ ನೋಟ್‌ಬುಕ್ಕಿನಲ್ಲಿ ಬರೆದು ಕೊಡಲಿ, ಸಾಕು.

ಆ ನೋಟ್‌ಬುಕ್ಕನ್ನು ಅಟ್ಟಕ್ಕೆ ಎಸೆಯಬೇಡಿ. ಥೀಮು ಒಂದು ಮಧ್ಯಾಹ್ನಕ್ಕೆ ಮುಗಿದರೆ ಅದು ಬರೀ ಬ್ಯಾನರು. ಹುಡುಗಿಯರು ಮನೆಗೆ ಹೋಗಿ ಅಜ್ಜಿಯಿಂದ, ಪಕ್ಕದ ಮನೆಯ ಹಿರಿಯರಿಂದ ಒಡಪು, ಒಗಟು, ಬೀಸುವ ಹಾಡು, ಸೋಬಾನೆ ಬರೆದುಕೊಂಡು ಬರಲಿ. ಈಗ ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲು ಹಿತ್ತಲು ಸೇರಿದೆ, ಹಾಡು ಬಲ್ಲವರ ವಯಸ್ಸು ಎಪ್ಪತ್ತು ದಾಟಿದೆ. ಏಳು ದಿನದ ಶಿಬಿರ ಯಾವ ಹಳ್ಳಿಯಲ್ಲಿ ಬಿದ್ದರೂ ಬೆಳಿಗ್ಗೆ ಚರಂಡಿ, ಸಸಿ ಕೆಲಸವಾದ ಮೇಲೆ ಸಂಜೆ ಕಟ್ಟೆಯ ಮೇಲೆ ಕೂತು ಇದನ್ನು ಮಾಡಬಹುದು. ಬಡವರ ಮನೆ, ಶ್ರೀಮಂತರ ಮನೆ ಅಂತಿಲ್ಲ, ಎಲ್ಲರಿಗೂ ಅಜ್ಜಿ ಇದ್ದಾಳೆ. ಎಷ್ಟೋ ಸಲ ಬಡವರ ಮನೆಯ ಅಜ್ಜಿಯ ಹತ್ತಿರವೇ ಹಾಡು ಹೆಚ್ಚು. ಮೇ ಹೊತ್ತಿಗೆ ಒಂದು ಪ್ರತಿ ತಿದ್ದಿ ಬರೆದು ಕಾಲೇಜಿನ ಲೈಬ್ರರಿಗೆ ಕೊಟ್ಟರೆ ಮುಂದಿನ ವರ್ಷದ ಹುಡುಗಿಯರಿಗೆ ಅದೇ ಬುನಾದಿ. ಈ ಕೆಲಸವನ್ನು 120 ಗಂಟೆಯ ಲೆಕ್ಕಕ್ಕೆ ಹಿಡಿಯಬಹುದೇ ಎಂದು ನಿಮ್ಮ ಕಾರ್ಯಕ್ರಮಾಧಿಕಾರಿಯನ್ನು ಈಗಲೇ ಕೇಳಿಟ್ಟುಕೊಳ್ಳಿ.

ಒಡಪು ಹಳೆಯ ಕಾಲದ್ದಾಯಿತು ಎಂದು ನಿಮ್ಮಲ್ಲಿ ಯಾರಾದರೂ ಮೂಗು ಮುರಿದರೆ ನನ್ನ ಎರಡನೆಯ ಆಯ್ಕೆ, ಕಲ್ಲು. ನಮ್ಮ ಸೀಮೆಯಲ್ಲಿ ಕಾಲಿಟ್ಟಲ್ಲೆಲ್ಲ ಸುಣ್ಣದಕಲ್ಲು. ಶಹಾಬಾದಿನ ಫರಸಿ ಎಷ್ಟು ಊರುಗಳ ಪಡಸಾಲೆಗೆ ಹಾಸಿದೆಯೋ ಲೆಕ್ಕವಿಲ್ಲ. ಅದೇ ಕಲ್ಲು ಪುಡಿಯಾಗಿ ವಾಡಿಯಲ್ಲಿ, ಮಳಖೇಡದಲ್ಲಿ, ಸೇಡಂನಲ್ಲಿ, ಈಗ ನಿಮ್ಮ ಕೋಡ್ಲಾದ ಮಗ್ಗುಲಲ್ಲೂ ಸಿಮೆಂಟ್ ಆಗುತ್ತದೆ. ಕಾಗಿಣಾ ನದಿ ದಂಡೆಯ ಮಳಖೇಡದ ಕೋಟೆಯೂ ಅದೇ ಕಲ್ಲಿನ ನಾಡಿನದು. ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟ ನೃಪತುಂಗನ ರಾಜಧಾನಿ, ‘ಕವಿರಾಜಮಾರ್ಗ’ ಹುಟ್ಟಿದ ಆಸ್ಥಾನ ನಿಮ್ಮ ಕಾಲೇಜಿನಿಂದ ಬಸ್ಸಿಗೆ ಕೂತರೆ ಮುಟ್ಟುವಷ್ಟು ಹತ್ತಿರ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ, ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರು ಕೆತ್ತಿದ ಶಿಲ್ಪ ಸಿಕ್ಕಿದೆ. ಆ ಶಿಲ್ಪದಲ್ಲಿ ರಾಜನೊಬ್ಬನೇ ಇಲ್ಲ, ಪಕ್ಕದಲ್ಲಿ ಹೆಂಗಸರಿದ್ದಾರೆ. ನಮ್ಮ ಸೀಮೆಯ ಮರತೂರಿನ ಹೆಸರು ‘ಮಿತಾಕ್ಷರ’ ಎಂಬ ಧರ್ಮಶಾಸ್ತ್ರ ಗ್ರಂಥ ಬರೆದ ವಿಜ್ಞಾನೇಶ್ವರನ ಜೊತೆ ಬೆಸೆದುಕೊಂಡಿದೆ. ಹೆಣ್ಣುಮಕ್ಕಳ ಆಸ್ತಿ, ಸ್ತ್ರೀಧನ ಇವುಗಳ ಚರ್ಚೆ ಆ ಗ್ರಂಥದಲ್ಲಿ ಬಹಳ. ತವರಿನ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳುತ್ತದೆಂಬುದು ಎಷ್ಟು ಹುಡುಗಿಯರಿಗೆ ಗೊತ್ತು? ಕಲ್ಲಿನ ಥೀಮ್ ಇಟ್ಟರೆ ಬೀಸುವ ಕಲ್ಲಿನಿಂದ ಹಿಡಿದು ಗಣಿ ಕಾರ್ಮಿಕರ ಎದೆರೋಗದ ತಪಾಸಣೆಯವರೆಗೆ ವರ್ಷವಿಡೀ ಕೆಲಸ ಸಿಗುತ್ತದೆ. ಆದರೆ ಇದಕ್ಕೆ ಇತಿಹಾಸದ ಮೇಷ್ಟ್ರೊಬ್ಬರು ಜೊತೆಗಿರಬೇಕು, ಎಲ್ಲರೂ ಒಟ್ಟಿಗೆ ಹೋಗಿ ನೋಡಲು ಬಾಡಿಗೆ ಬಸ್ಸಿನ ಖರ್ಚೂ ಇದೆ. ಅದಕ್ಕೇ ಎರಡನೆಯದು ಅಂದೆ.

ತೊಗರಿಯೂ ಆಗಬಹುದು. 2019ರಲ್ಲಿ ನಮ್ಮ ಜಿಲ್ಲೆಯ ತೊಗರಿಗೆ ಭೌಗೋಳಿಕ ಗುರುತು ಸಿಕ್ಕಿತು. ನೀವು ಹೊಸಬರನ್ನು ಬರಮಾಡಿಕೊಳ್ಳುವಾಗ ಹೊಲದಲ್ಲಿ ಮೊಣಕಾಲೆತ್ತರ ಇರುತ್ತದೆ, ರಾಶಿಯ ಹೊತ್ತಿಗೆ ನಿಮ್ಮ ಶಿಬಿರ ಬಂದಿರುತ್ತದೆ. ಕಳೆ ತೆಗೆಯುವ ಕೂಲಿಯಲ್ಲಿ ಹೆಚ್ಚಿನವರು ಹೆಂಗಸರು, ಅವರ ಕೂಲಿ ಎಷ್ಟು, ಗಂಡಸರದೆಷ್ಟು ಎಂದು ಹುಡುಗಿಯರೇ ಕೇಳಿ ಬರೆದುಕೊಂಡು ಬಂದರೆ ಅದು ಚಲೋ ಅಧ್ಯಯನವಾದೀತು.

ಆರಿಸುವವರು ಯಾರು ಎಂಬುದೂ ಮುಖ್ಯ. ಮೂರನೇ ವರ್ಷದ ಐದು ಜನ ಕ್ಯಾಂಟೀನಿನಲ್ಲಿ ಕೂತು ತೀರ್ಮಾನಿಸಿದರೆ ಅದು ಆ ಐವರ ಥೀಮು. ಈಗಾಗಲೇ ಸೇರಿರುವ ಮೊದಲ ವರ್ಷದ ಇಬ್ಬರನ್ನಾದರೂ, ಒಬ್ಬಳು ಹಾಸ್ಟೆಲಿನವಳು, ಒಬ್ಬಳು ಬಸ್ಸಿನಲ್ಲಿ ಬರುವವಳು, ಕರೆದು ಕೂರಿಸಿಕೊಳ್ಳಿ. ಅವರಿಗೆ ಥೀಮಿನ ಹೆಸರು ಹೇಳಿ ‘ಇದಕ್ಕೆ ನೀನು ಏನು ತರುತ್ತಿ?’ ಎಂದು ಕೇಳಿ. ಕೂಡಲೇ ಒಂದು ಉತ್ತರ ಬಂದರೆ ಇಟ್ಟುಕೊಳ್ಳಿ. ‘ಕೊಳ್ಳಬೇಕಾಗ್ತದೇನ್ರಿ?’ ಎಂದು ಅವರು ತಿರುಗಿ ಕೇಳಿದರೆ ಅಲ್ಲಿಗೇ ಕೈಬಿಡಿ.

ವಂತಿಗೆ ಎತ್ತಬೇಡಿ. ಎತ್ತಲೇಬೇಕೆಂದರೆ ಹೊಸಬರಿಂದ ಬೇಡ. ಕಂಪನಿಯವರು ಬ್ಯಾನರ್ ಹಾಕಿಸಿಕೊಡುತ್ತೇವೆ ಅಂದರೆ ಪ್ರಿನ್ಸಿಪಾಲರನ್ನು ಕೇಳದೆ ಒಪ್ಪಬೇಡಿ, ಥೀಮು ನಿಮ್ಮದಾದರೂ ಬ್ಯಾನರಿನಲ್ಲಿ ದೊಡ್ಡ ಅಕ್ಷರ ಅವರದಾಗಿರುತ್ತದೆ. ಊಟಕ್ಕೆ ಎಲ್ಲರೂ ಮನೆಯಿಂದ ಒಂದೊಂದು ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಲೆ ಏನಾದರೂ ತಂದು ಒಂದೇ ಕಡೆ ಇಟ್ಟು ಹಂಚಿಕೊಳ್ಳಿ. ಯಾರ ಡಬ್ಬಿ ಯಾವುದೆಂದು ಗೊತ್ತಾಗಬಾರದು, ಅಷ್ಟು ಸಾಕು. ಮಧ್ಯಾಹ್ನ ಮೂರರೊಳಗೆ ಮುಗಿಸಿ. ಹಳ್ಳಿಯ ಬಸ್ಸು ತಪ್ಪಿದರೆ ಆ ಹುಡುಗಿಯನ್ನು ನಾಳೆಯಿಂದ ಮನೆಯವರು ಕಾಲೇಜಿಗೇ ಕಳಿಸದಿರಬಹುದು. ಮೊಬೈಲು ಚೀಲದಲ್ಲಿರಲಿ. ರೀಲ್ಸ್ ಮಾಡುವ ಆಸೆ ನಿಮಗಿರುತ್ತದೆ, ಆದರೆ ತನ್ನ ಮುಖ ಇನ್‌ಸ್ಟಾಗ್ರಾಮಿನಲ್ಲಿ ಬಂತೆಂದು ಅಣ್ಣನಿಂದ ಬೈಸಿಕೊಂಡು ಓದು ಬಿಟ್ಟ ಹುಡುಗಿಯರಿದ್ದಾರೆ. ಒಬ್ಬರೇ ಫೋಟೊ ತೆಗೆಯಲಿ, ಒಪ್ಪಿದವರದ್ದು ಮಾತ್ರ.

ದಿನ ಇನ್ನೂ ಗೊತ್ತು ಮಾಡಿಲ್ಲವಾದರೆ ಸೆಪ್ಟೆಂಬರ್ 24 ಎನ್ನೆಸ್ಸೆಸ್ ದಿನ ಇದ್ದೇ ಇದೆ. ಆದರೆ ಹೊಸಬರು ಬಂದು ತಿಂಗಳು ಕಳೆದ ಮೇಲೆ ಸ್ವಾಗತ ಅಂದರೆ ತಡವಾಯಿತು. ಮೊದಲ ಎರಡು ವಾರದೊಳಗೆ ಒಡಪಿನ ಮಧ್ಯಾಹ್ನ ಮುಗಿಸಿ, ಸೆಪ್ಟೆಂಬರ್ 24ಕ್ಕೆ ಅಷ್ಟರಲ್ಲಿ ಕೂಡಿದ ಹಾಡುಗಳನ್ನು ಹೇಳಿಸಿ. ಅಜ್ಜಿಯರನ್ನೂ ಕರೆಯಿರಿ, ಅವರಿಗೂ ಶಕ್ತಿ ಯೋಜನೆಯಲ್ಲಿ ಬಸ್ಸು ಪುಕ್ಕಟೆ.

ಟೆಕ್ಸಾಸಿನ ನಿಮ್ಮ ಚಿಕ್ಕಪ್ಪನ ಮಗಳಿಗೂ ಈ ಒಡಪಿನ ಥೀಮನ್ನು ಹೇಳಿ ನೋಡಿ. ಅವಳ ಸಂಘದಲ್ಲಿ ಕನ್ನಡ, ಗುಜರಾತಿ, ತಮಿಳು, ಪಂಜಾಬಿ ಮನೆಗಳ ಹುಡುಗಿಯರು ಇರಬಹುದು. ಹವಾಯಿ ದ್ವೀಪ ಕಟ್ಟುವ ಖರ್ಚಿನ ಹತ್ತರಲ್ಲಿ ಒಂದು ಪಾಲೂ ಇದಕ್ಕೆ ಆಗದು.

ಕಾರ್ಯಕ್ರಮ ಮುಗಿದ ಮೇಲೆ ನಿಮ್ಮ ನೋಟ್‌ಬುಕ್ಕಿನಿಂದ ಒಳ್ಳೆಯವು ಅನಿಸಿದ ಹತ್ತು ಒಡಪುಗಳನ್ನು ಕಟ್ಟಿದವರ ಒಪ್ಪಿಗೆ ಕೇಳಿ, ಊರಿನ ಹೆಸರಿನೊಂದಿಗೆ ನಮಗೆ ಕಳಿಸಿ. ಇದೇ ಅಂಕಣದಲ್ಲಿ ಅಚ್ಚು ಹಾಕುತ್ತೇವೆ.